ಪೆತಿ, ಪೆಟ್ಟಿ, ಚಿಲ್ಲರೆ

ಫ್ರೆಂಚ್ ಕಲಿಯಹೊರಟವರಿಗೆ ಮೊದಲ ವಾರವೇ ಎದುರಾಗುವ ಪದ ‘ಪೆತಿ’. ಅರ್ಥ, ಚಿಕ್ಕದು. ಫ್ರೆಂಚರು ಮೊದಲ ಸ್ವರವನ್ನು ಅರ್ಧ ನುಂಗುವುದರಿಂದ ನಮ್ಮ ಕಿವಿಗೆ ‘ಪತಿ’ ಎಂದೇ ಕೇಳಿಸೀತು. ಅರ್ಥ ತಿಳಿದ ಮೇಲೆ ಮನೆಯಲ್ಲಿ ಹೇಳಿಕೊಳ್ಳದಿರುವುದೇ ಕ್ಷೇಮ.

ಚಿಕ್ಕದು ಎಂದಮಾತ್ರಕ್ಕೆ ಅಳತೆ ಮಾಡಲು ಹೋಗಬೇಡಿ. ಅಲ್ಲಿನ ಬ್ಯಾಂಕಿನವರು ಕಾಗದ ಮುಂದೆ ತಳ್ಳಿ ‘ಯೂನ್ ಪೆತೀತ್ ಸಿನ್ಯತ್ಯೂರ್’ ಎಂದರೆ ಸಹಿ ಚಿಕ್ಕದಿರಲಿ ಎಂದಲ್ಲ. ನಮ್ಮಲ್ಲಿ ‘ಇಲ್ಲೊಂಚೂರು ಸೈನ್ ಹಾಕ್ಬಿಡಿ ಸಾರ್’ ಎನ್ನುವುದಿಲ್ಲವೇ, ಹಾಗೆ. ಸೈನು ಪೂರ್ತಿಯೇ ಹಾಕಬೇಕು. ಚೂರಾಗಿರುವುದು ಕೇಳುವವರ ಸಂಕೋಚ.

ಅಡುಗೆಮನೆಯಲ್ಲಂತೂ ಎರಡು ಭಾಷೆಗಳೂ ಒಂದೇ ಒಲೆಯ ಮುಂದೆ ಕೂರುತ್ತವೆ. ‘ಅ ಪೆತಿ ಫೋ’ ಎಂದರೆ ‘ಸಣ್ಣ ಉರಿಯಲ್ಲಿ’. ದೊಡ್ಡ ಹೋಟೆಲುಗಳಲ್ಲಿ ಊಟದ ಕೊನೆಗೆ ಬರುವ ತುತ್ತಿನಷ್ಟೇ ದೊಡ್ಡ ಕೇಕಿನ ತುಂಡಿದೆಯಲ್ಲ, ‘ಪೆತಿ ಫೂರ್’, ಅಕ್ಷರಶಃ ಅದು ‘ಚಿಕ್ಕ ಒಲೆ’. ಸೌದೆ ಉರಿಸುವ ಕಾಲದಲ್ಲಿ ಬೇಕರಿಯವರು ಕಾದ ಗೂಡಿನಲ್ಲಿ ಮೊದಲು ಬ್ರೆಡ್ಡು ಬೇಯಿಸಿಕೊಳ್ಳುತ್ತಿದ್ದರು. ಆಮೇಲೆ ಇಳಿಯುತ್ತಿದ್ದ ಕಾವನ್ನು ದಂಡ ಮಾಡದೆ ಸಣ್ಣಪುಟ್ಟ ಸಿಹಿ ಒಳಗಿಡುತ್ತಿದ್ದರು. ಮಿಕ್ಕ ಬಿಸಿಯಲ್ಲಿ ಬೆಂದದ್ದು ಈಗ ಬೆಳ್ಳಿ ತಟ್ಟೆಯಲ್ಲಿ ಬರುತ್ತದೆ.

ಅಂಗಡಿಬೀದಿಯ ಪದಗಳು ಇನ್ನೂ ತಮಾಷೆ. ‘ಮೆರ್ಸರಿ’ಗೆ ಹೋದರೆ ಸೂಜಿ, ದಾರ, ಗುಂಡಿ, ಜಿಪ್ಪು, ಲೇಸು, ಹೆಚ್ಚುಕಮ್ಮಿ ನಮ್ಮ ಮ್ಯಾಚಿಂಗ್ ಸೆಂಟರು. ‘ದ್ರೋಗ್ರಿ’ ಎಂಬ ಬೋರ್ಡು ಕಂಡು ಜ್ವರದ ಮಾತ್ರೆ ಕೇಳಬೇಡಿ, ಅಲ್ಲಿರುವುದು ಬಣ್ಣ, ಬ್ರಷ್ಷು, ನೆಲ ತೊಳೆಯುವ ದ್ರಾವಣ. ಮಸಾಲೆ ಮಾರುತ್ತಿದ್ದ ‘ಎಪಿಸಿಯೆ’ ಕಾಲಕ್ರಮೇಣ ದಿನಸಿಯವನಾದ. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನ ಕಲಾವಿದರು ರಸಿಕತೆಯಿಲ್ಲದವರನ್ನು ಜರೆಯಲು ಆ ಬಡಪಾಯಿಯ ಹೆಸರನ್ನೇ ಹಿಡಿದುಕೊಂಡರು. ಸಾಲ ಕೊಡದಿದ್ದನೋ ಏನೋ!

ಚಿಕ್ಕ ಅಂಗಡಿಯವನಿಗೆ ಅಲ್ಲಿ ‘ಪೆತಿ ಕಮರ್ಸಾಂ’ ಎನ್ನುತ್ತಾರೆ. ಅದರಲ್ಲಿ ಅಕ್ಕರೆಯೂ ಉಂಟು, ತಾತ್ಸಾರವೂ ಉಂಟು. 1953ರಲ್ಲಿ ಸ್ಯಾಂ ಸೆರೆ ಎಂಬ ಊರಿನ ಸ್ಟೇಷನರಿ ಅಂಗಡಿಯ ಪಿಯರ್ ಪೂಜಾದ್, ಲೆಕ್ಕ ನೋಡಲು ಬಂದ ತೆರಿಗೆಯವರ ವಿರುದ್ಧ ಊರಿನ ಅಂಗಡಿಕಾರರನ್ನೆಲ್ಲ ಕೂಡಿಸಿದ. 1956ರ ಚುನಾವಣೆಯಲ್ಲಿ ಅವನ ಕಡೆಯ 50ಕ್ಕೂ ಹೆಚ್ಚು ಮಂದಿ ಸಂಸತ್ತಿಗೇ ಬಂದರು. ಆ ಅಲೆ ಬೇಗ ಇಳಿಯಿತು, ‘ಪೂಜಾದಿಸ್ಮ್’ ಎಂಬ ಮೂದಲಿಕೆ ಉಳಿಯಿತು: ಗಲ್ಲಾಪೆಟ್ಟಿಗೆಯಿಂದಾಚೆ ಕಾಣದ ರಾಜಕೀಯ ಎಂದು.

‘ಪೆತಿ’ ಕಾಲುವೆ ದಾಟಿ ಇಂಗ್ಲಿಷಿಗೆ ಹೋಗಿ ‘ಪೆಟಿ’ಯಾಯಿತು, ಅಲ್ಲಿ ಮನಸ್ಸೂ ಚಿಕ್ಕದಾಯಿತು. ನಮ್ಮ ಠಾಣೆಗಳ ಪೆಟಿ ಕೇಸು, ಆಫೀಸುಗಳ ಪೆಟಿ ಕ್ಯಾಶು, ಸೀರೆಯೊಳಗಿನ ಪೆಟಿಕೋಟು ಎಲ್ಲ ಆ ವಂಶದವೇ. ಆದರೆ ಬಸ್‌ಸ್ಟ್ಯಾಂಡಿನ ಮಗ್ಗುಲಿನ ‘ಪೆಟ್ಟಿ ಅಂಗಡಿ’ಯನ್ನು ಆ ಲೆಕ್ಕಕ್ಕೆ ಸೇರಿಸುವುದು ತಪ್ಪು. ಇಂಗ್ಲಿಷ್ ಪತ್ರಿಕೆಯವರು ‘ಪೆಟಿ ಶಾಪ್’ ಎಂದು ಬರೆದುಕೊಳ್ಳಲಿ. ನಮ್ಮದು ಪೆಟ್ಟಿಗೆಯ ಪೆಟ್ಟಿ. ಬೆಳಿಗ್ಗೆ ಹಲಗೆ ಮೇಲೆತ್ತಿ ಕೋಲು ಕೊಟ್ಟರೆ ಅದೇ ಸೂರು, ರಾತ್ರಿ ಇಳಿಸಿ ಬೀಗ ಜಡಿದರೆ ಪೆಟ್ಟಿಗೆ.

‘ಪೆತಿ’ಗೆ ನಿಜವಾದ ಜೋಡಿ ಕನ್ನಡದಲ್ಲಿ ಬೇರೆಯೇ ಇದೆ: ‘ಚಿಲ್ಲರೆ’. ಫ್ರೆಂಚರು ‘ಪೆತೀತ್ ಮೊನೆ’ ಎನ್ನುವ ಪುಡಿಕಾಸೂ ಅದೇ, ಬಿಡಿ ವ್ಯಾಪಾರವೂ ಅದೇ, ‘ಅವನದು ಚಿಲ್ಲರೆ ಬುದ್ಧಿ’ ಎಂದು ಬೈಯುವುದೂ ಅದರಿಂದಲೇ. ಮೊನ್ನೆ ಪೆಟ್ಟಿ ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಂಡು ಹತ್ತರ ನೋಟು ಚಾಚಿದೆ. ಅಂಗಡಿಯಾಕೆ ಡಬ್ಬಿ ಅಲ್ಲಾಡಿಸಿ ತೋರಿಸಿ, ‘ಚಿಲ್ಲರೆ ಇಲ್ಲ ಕಣಣ್ಣಾ, ಒಂಚೂರು ಚಾಕ್ಲೇಟ್ ತಗೊಂಡ್ಬಿಡು’ ಎಂದಳು. ಒಂಚೂರು ಎಂದರೆ ಎಂಟು.