ಬಿಲ್ಲೆಗಳ ಹಿಂದಿನ ಗೋಡೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿರುವ ಸೆಲ್ಫ್ರಿಜಸ್ ಮಳಿಗೆಯ ಚಿತ್ರವನ್ನು ನೀವು ಎಲ್ಲಾದರೂ ನೋಡಿರುತ್ತೀರಿ. 2003ರಲ್ಲಿ ಬಾಗಿಲು ತೆರೆದ ಆ ಕಟ್ಟಡದ ಹೊರಮೈಯಲ್ಲಿ ನೇರ ಗೋಡೆಯೇ ಇಲ್ಲ. ಉಬ್ಬಿ, ಬಳುಕಿ, ಮೇಲೆ ಒಳಕ್ಕೆ ಹೊರಳುವ ನೀಲಿ ಮೈ. ಅದರ ತುಂಬ ಸುಮಾರು 15,000 ಅಲ್ಯೂಮಿನಿಯಂ ಬಿಲ್ಲೆಗಳು. ವಿನ್ಯಾಸ ಫ್ಯೂಚರ್ ಸಿಸ್ಟಮ್ಸ್ ಸಂಸ್ಥೆಯದು. ಫ್ಯಾಷನ್ ಲೋಕದ ಪಾಕೋ ರಬಾನ್ ಬಿಲ್ಲೆಗಳನ್ನು ಪೋಣಿಸಿ ಮಾಡಿದ ಉಡುಪು ಅದಕ್ಕೆ ಸ್ಫೂರ್ತಿ.

ಉಡುಪಿನೊಳಗಿನ ಮೈ ಮಾತ್ರ ಕಾಂಕ್ರೀಟಿನದು. ಮನೆ ಕಟ್ಟಿಸಿದವರಿಗೆ ಗೊತ್ತು, ಕಾಂಕ್ರೀಟು ಸುರಿಯುವ ಮೊದಲು ಸೆಂಟ್ರಿಂಗ್ ಆಗಬೇಕು. ಎರಡು ದಿಕ್ಕಿಗೂ ಬಾಗುವ ಗೋಡೆಗೆ ಚಪ್ಪಟೆ ಹಲಗೆ ಒಗ್ಗುವುದಿಲ್ಲ. ತಿರುವಿಗೊಂದು ಅಚ್ಚು ಮಾಡುತ್ತ ಹೋದರೆ ದುಡ್ಡೆಲ್ಲ ಅಚ್ಚಿಗೇ ಹೋಗುತ್ತದೆ. ಹಾಗಾಗಿ ಅಲ್ಲಿ ಲೋಹದ ಜಾಲರಿಯನ್ನೇ ಆಕಾರಕ್ಕೆ ಬಗ್ಗಿಸಿ, ಅದರ ಮೇಲೆ ಕಾಂಕ್ರೀಟು ಎರಚಿದರು.

ಈ ಎರಚುವ ವಿದ್ಯೆಯ ಹುಟ್ಟೇ ಸ್ವಾರಸ್ಯದ್ದು. ಶಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯ ಆಗ 1893ರ ವಿಶ್ವಮೇಳದ ಹಳೆಯ ಕಟ್ಟಡದಲ್ಲಿತ್ತು. ಅದರ ಹೊರಗಾರೆ ಉದುರುತ್ತಿತ್ತು. ಅಲ್ಲಿ ಕಾರ್ಲ್ ಏಕ್ಲಿಯ ಕೆಲಸ ಸತ್ತ ಪ್ರಾಣಿಗಳ ಚರ್ಮವನ್ನು ಜೀವಂತವೆಂಬಂತೆ ನಿಲ್ಲಿಸುವುದು. 1907ರ ಸುಮಾರಿಗೆ ಆತ ಒತ್ತಿದ ಗಾಳಿಯಿಂದ ಗಾರೆ ಎರಚುವ ಯಂತ್ರ ಮಾಡಿದ. ಒಣ ಮಿಶ್ರಣ ಕೊಳವೆಯಲ್ಲಿ ಬರುತ್ತದೆ, ನೀರು ಕೊಳವೆಯ ಬಾಯಲ್ಲಿ ಸೇರುತ್ತದೆ. ಈ 'ಸಿಮೆಂಟ್ ಗನ್'ಗೆ 1911ರಲ್ಲಿ ಪೇಟೆಂಟ್ ಸಿಕ್ಕಿತು. ಹಳೆಯ ಗೋಡೆಯ ದುರಸ್ತಿಗೆ ಹುಟ್ಟಿದ ಉಪಾಯ ಮುಂದೆ ಸುರಂಗಗಳಿಗೆ, ಈಜುಕೊಳಗಳಿಗೆ, ಕೊನೆಗೆ ದುಬಾರಿ ಮಳಿಗೆಯ ಮೈಗೂ ಬಂತು.

ಬಾಗು ಎಷ್ಟೆಂದು ಕಂಪ್ಯೂಟರ್ ಹೇಳುತ್ತದೆ. ಎರಚುವಾಗ ಮಾತ್ರ ಕೊಳವೆ ಹಿಡಿದವರ ಕೈಯೇ ನಿರ್ಣಾಯಕ. ದೂರವೋ ಕೋನವೋ ತಪ್ಪಿದರೆ ಮಿಶ್ರಣ ಪುಟಿದು ಕೆಳಗೆ ಬೀಳುತ್ತದೆ, ಕಂಬಿಯ ಹಿಂದೆ ಪೊಳ್ಳು ಉಳಿಯುತ್ತದೆ. ಮೇಲೆ ಬಣ್ಣ, ಬಿಲ್ಲೆ ಬಂದರೆ ಆ ಪೊಳ್ಳು ಕಣ್ಣಿಗೆ ಬೀಳದು. ಚೆನ್ನಾಗಿ ಎರಚಿದ್ದೂ ಕಾಣದು.

ಎಂ.ಟೆಕ್ ಮುಗಿಸಿ ಪುಣೆಯಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುವ ನನಗೆ ಈ ಗೋಡೆ ಚುಚ್ಚುವುದು ಇಲ್ಲೇ. ಹೋದ ವರ್ಷ ಗ್ರಾಹಕರ ಮುಂದೆ ನಾನು ಹೊಸ ಪರದೆಗಳನ್ನು ತೋರಿಸಿ ಚಪ್ಪಾಳೆ ಗಿಟ್ಟಿಸಿದೆ. ಮೂರು ತಿಂಗಳು ಕೂತು ಹಳೆಯ ಡೇಟಾ ಸರಿಪಡಿಸಿದ ಇಬ್ಬರ ಹೆಸರು ನನ್ನ ಸ್ಲೈಡಿನಲ್ಲಿರಲಿಲ್ಲ. ಅವರು ಕೇಳಲೂ ಇಲ್ಲ.

ಬರ್ಮಿಂಗ್‌ಹ್ಯಾಮಿನಲ್ಲಿ ಕೆಲವು ವರ್ಷಗಳ ಹಿಂದೆ ದುರಸ್ತಿಗೆಂದು ಹಳೆಯ ಬಿಲ್ಲೆಗಳನ್ನು ಕಳಚಿ ಹೊಸವನ್ನು ಕೂರಿಸಿದರು. ಅವನ್ನು ಹೊತ್ತಿರುವುದು ಅದೇ ಹಳೆಯ ಗೋಡೆ.