ಪಾಳೆಯಗಾರರು ಮತ್ತು ಕಾಜಿಗಳು

ನಾನು ಕನ್ನಡದ ಮೇಷ್ಟರು. ಆಫ್ರಿಕದ ರಾಜಕಾರಣ ನನ್ನ ಪಾಠದ ವಿಷಯವಲ್ಲ. ಸೊಮಾಲಿಯದ ಕಡೆಗೆ ನನ್ನ ಗಮನ ಮೊದಲು ಹರಿದುದು ಅದರ ಲಿಪಿಯ ಕಥೆಯಿಂದ. ಆ ನಾಡಿನವರು ಬಹುಮಟ್ಟಿಗೆ ಒಂದೇ ಭಾಷೆಯವರು, ಒಂದೇ ಮತದವರು. ಒಂಟೆ ಮೇಯಿಸುವವನ ಬಾಯಲ್ಲಿಯೂ ಕಾವ್ಯವುಂಟೆಂದು ಹೆಸರಾದವರು. ಆದರೂ ಆ ಭಾಷೆಗೆ ಅಧಿಕೃತ ಲಿಪಿ ದೊರೆತದ್ದು 1972ರಲ್ಲಿ. ಅರಬ್ಬಿಯೋ ರೋಮನ್ನೋ ಎಂಬ ಜಗಳ ವರ್ಷಗಟ್ಟಲೆ ನಡೆದು, ಕಡೆಗೆ ಸೇನಾಧಿಪತಿ ಸಿಯಾದ್ ಬರೆ ರೋಮನ್ ಎಂದು ಅಪ್ಪಣೆ ಮಾಡಿದ. ಮರುವರ್ಷಗಳಲ್ಲಿ ಪ್ರೌಢಶಾಲೆಗಳನ್ನೇ ಮುಚ್ಚಿ, ಹುಡುಗರನ್ನೂ ಉಪಾಧ್ಯಾಯರನ್ನೂ ಹಳ್ಳಿಗಾಡಿಗೆ ಅಕ್ಷರ ಕಲಿಸಲು ಅಟ್ಟಿದ. ಭಾಷೆಯೊಂದಾದರೆ ನಾಡು ಒಂದಾದಂತೆಯೇ ಎಂದು ನಂಬುವ ಮಿತ್ರರು ನಮ್ಮಲ್ಲಿ ಅನೇಕರಿದ್ದಾರೆ. ಅವರು ಮುಂದಿನ ಕಥೆಯನ್ನು ಓದಬೇಕು.

1960ರಲ್ಲಿ ಬ್ರಿಟಿಷರ ಮತ್ತು ಇಟಲಿಯವರ ತುಂಡುಗಳೆರಡು ಕೂಡಿ ಆದ ಈ ಸ್ವತಂತ್ರ ರಾಜ್ಯವನ್ನು 1969ರಲ್ಲಿ ಬರೆ ವಶಪಡಿಸಿಕೊಂಡಿದ್ದ. ರಾಜ್ಯ ಸತ್ತದ್ದು 1991ರಲ್ಲಿ ಎನ್ನುತ್ತಾರೆ. ರೋಗ ತಗುಲಿದ್ದು 1975ರಷ್ಟು ಹಿಂದೆಯೇ ಎಂದು ನನ್ನ ಎಣಿಕೆ. ಆ ವರ್ಷದ ಜನವರಿಯಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಕೊಡುವ ಶಾಸನ ಬಂತು. ಒಳ್ಳೆಯ ಶಾಸನವೇ. ಆದರೆ ಮಸೀದಿಗಳಲ್ಲಿ ಅದನ್ನು ಖಂಡಿಸಿದ 10 ಮಂದಿ ಪಂಡಿತರನ್ನು ಕೆಲವೇ ದಿನಗಳೊಳಗೆ ವಿಚಾರಣೆಯ ಶಾಸ್ತ್ರ ಮುಗಿಸಿ ಗುಂಡಿಟ್ಟು ಕೊಲ್ಲಲಾಯಿತು. ಸಮಪಾಲು ಎಂಬ ಮಾತಿಗೆ ಅಂದೇ ರಕ್ತದ ವಾಸನೆ ಹತ್ತಿತು. ಸರ್ಕಾರದ ಕಟಕಟೆಯಲ್ಲಿ ನ್ಯಾಯವಿಲ್ಲ, ಅಪ್ಪಣೆ ಮಾತ್ರವೇ ಉಂಟೆಂಬುದು ಜನಕ್ಕೆ ತಿಳಿಯಿತು. ಆಮೇಲೆ ಇಥಿಯೋಪಿಯದೊಡನೆ ಒಗಾಡೆನ್ ಯುದ್ಧ, ಸೋಲು, ಕುಲಕುಲಗಳ ನಡುವೆ ಹಗೆ. 1988ರಲ್ಲಿ ಬರೆಯ ವಿಮಾನಗಳು ಹರ್ಗೇಸ ನಗರದ ನಿಲ್ದಾಣದಿಂದಲೇ ಮೇಲೆದ್ದು ಹರ್ಗೇಸದ ಮೇಲೆಯೇ ಬಾಂಬು ಸುರಿದುವು.

1991ರ ಜನವರಿಯಲ್ಲಿ ಬರೆ ಮೊಗದಿಶುವಿನಿಂದ ಓಡಿದ. ರಾಜಧಾನಿ ಪಾಳೆಯಗಾರರ ಪಾಲಾಯಿತು. ಕ್ಷಾಮ ಬಂತು, ಅಮೆರಿಕದ ಪಡೆ ಬಂತು, ವಿಶ್ವಸಂಸ್ಥೆಯ ಸೈನ್ಯ ಬಂತು (ನಮ್ಮ ಭಾರತೀಯ ಬ್ರಿಗೇಡೊಂದು ಬೈಡೋವದಲ್ಲಿ ಬೀಡುಬಿಟ್ಟಿತ್ತು). 1995ರ ಮಾರ್ಚಿಗೆ ಎಲ್ಲರೂ ಹೊರಟುಹೋದರು.

ಆಮೇಲೆ ಉಳಿದುದೇನು? ಹಿಂದಿನ ಕಾಲದಲ್ಲಿ ಕೊಲೆಗೆ ಪರಿಹಾರವಿತ್ತು: ಗಂಡಸಿನ ಪ್ರಾಣಕ್ಕೆ 100 ಒಂಟೆ, ಹೆಂಗಸಿನ ಪ್ರಾಣಕ್ಕೆ 50. ಕುಲದ ಹಿರಿಯರು ಮರದ ನೆರಳಲ್ಲಿ ಕುಳಿತು ಇತ್ಯರ್ಥ ಮಾಡುತ್ತಿದ್ದರು. ಬಂದೂಕು ಹಿಡಿದ ಹದಿನಾರರ ಹುಡುಗ ಆ ಹಿರಿಯರ ಮಾತನ್ನೇಕೆ ಕೇಳಿಯಾನು? ಬೀದಿಬೀದಿಗೂ ಸುಂಕದ ಕಟ್ಟೆ. ಬಂದರಿನಿಂದ ಅಂಗಡಿಗೆ ಒಂದು ಮೂಟೆ ಸಕ್ಕರೆ ತರುವಷ್ಟರಲ್ಲಿ ವರ್ತಕನ ಲಾಭವೆಲ್ಲ ಕರಗುತ್ತಿತ್ತು. 1990ರ ದಶಕದ ನಡುವಿನಿಂದ ಮಸೀದಿಗಳ ಆಸರೆಯಲ್ಲಿ ಕಾಜಿಗಳ ನ್ಯಾಯಾಲಯಗಳು ತಲೆಯೆತ್ತಿದುವು. ಕುಲದವರು ಒಪ್ಪಿದರು, ವರ್ತಕರು ಹಣ ಕೊಟ್ಟರು, ಮುಖ್ಯವಾಗಿ ಭಕ್ತಿಯಿಂದಲ್ಲ, ಲೆಕ್ಕಾಚಾರದಿಂದ. ಪಾಳೆಯಗಾರನಿಗೆ ಕೊಡುವ ಸುಂಕಕ್ಕಿಂತ ಕಾಜಿಯ ಕಾವಲುಗಾರರ ಖರ್ಚು ಅಗ್ಗ. 2006ರ ಜೂನಿನಲ್ಲಿ ಈ ನ್ಯಾಯಾಲಯಗಳ ಒಕ್ಕೂಟ, ಅಮೆರಿಕದ ಹಣ ಪಡೆದ ಪಾಳೆಯಗಾರರನ್ನೇ ಮೊಗದಿಶುವಿನಿಂದ ಹೊರದೂಡಿತು. ಸುಂಕದ ಕಟ್ಟೆಗಳು ಮಾಯವಾದುವು. 11 ವರ್ಷಗಳಿಂದ ಮುಚ್ಚಿದ್ದ ವಿಮಾನನಿಲ್ದಾಣ ತೆರೆಯಿತು, ಬಂದರು ತೆರೆಯಿತು. ಜನ ನೆಮ್ಮದಿಯ ಉಸಿರುಬಿಟ್ಟದ್ದನ್ನು ಮತಾಂಧತೆಯೆಂದು ಕರೆಯಲು ನನಗೆ ಮನಸ್ಸು ಬಾರದು. ಆದರೆ ಒಕ್ಕೂಟದ ಒಳಗೇ ಬೇರೆಯೊಂದು ಗುಂಪು ಬೆಳೆಯುತ್ತಿತ್ತು. ಅದರ ಹೆಸರು ಅಲ್ ಶಬಾಬ್, ಎಂದರೆ ‘ಯುವಕರು’.

ಡಿಸೆಂಬರಿನಲ್ಲಿ ಇಥಿಯೋಪಿಯದ ಸೈನ್ಯ ನುಗ್ಗಿ ಒಕ್ಕೂಟವನ್ನು ಚದುರಿಸಿತು. ಮೃದುಸ್ವಭಾವದವರು ದೇಶ ಬಿಟ್ಟರು. ಅವರ ಮುಖಂಡ ಶರೀಫ್ ಶೇಖ್ ಅಹ್ಮದ್ 2009ರಲ್ಲಿ ರಾಷ್ಟ್ರಾಧ್ಯಕ್ಷನೇ ಆದ. ಯುವಕರು ಹೋರಾಡಿದರು. ಪರದೇಶದ ಸೈನ್ಯದ ಮೇಲಣ ಸಿಟ್ಟು ಅವರಿಗೆ ಆಳುಗಳನ್ನು ಒದಗಿಸಿತು. 2008ರಲ್ಲಿ ಕಿಸ್ಮಾಯೋದಲ್ಲಿ 13 ವರ್ಷದ ಹುಡುಗಿಯೊಬ್ಬಳನ್ನು ಕಲ್ಲೆಸೆದು ಕೊಂದರು. ಅತ್ಯಾಚಾರಕ್ಕೊಳಗಾದ ಆ ಮಗುವಿನ ಮೇಲೆಯೇ ವ್ಯಭಿಚಾರದ ಆರೋಪ ಹೊರಿಸಿದ್ದರು. 2010ರಲ್ಲಿ ಇನ್ನೊಂದು ಉಗ್ರ ಗುಂಪು ರೇಡಿಯೋದಲ್ಲಿ ಸಂಗೀತವನ್ನು ನಿಷೇಧಿಸಿತು. ಕವಿಗಳ ನಾಡಿನ ರೇಡಿಯೋಗಳು ಹಾಡಿನ ಬದಲು ಕೋಳಿಯ ಕೂಗನ್ನೂ ವಾಹನಗಳ ಸದ್ದನ್ನೂ ಹಾಕಿದುವು. ಅದು ತಮಾಷೆಯೋ ಪ್ರತಿಭಟನೆಯೋ, ಎರಡೂ ಇರಬಹುದು. 2011ರ ಕ್ಷಾಮದಲ್ಲಿ ಶಬಾಬ್ ಪರದೇಶದ ಅನೇಕ ಪರಿಹಾರ ಸಂಸ್ಥೆಗಳಿಗೆ ತಡೆಯೊಡ್ಡಿತು. ಸತ್ತವರು ಸುಮಾರು 2,60,000, ಅವರಲ್ಲಿ ಅರ್ಧದಷ್ಟು ಎಳೆಯ ಮಕ್ಕಳು. 2017ರ ಅಕ್ಟೋಬರ್ 14ರಂದು ಮೊಗದಿಶುವಿನಲ್ಲಿ ಸಿಡಿದ ಒಂದು ಲಾರಿ 500ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಇಷ್ಟೆಲ್ಲ ಆದ ಮೇಲೂ ಜನ ಅವರ ಕಾಜಿಯ ಬಳಿಗೆ ಹೋಗುತ್ತಾರೆ. ಸರ್ಕಾರದ ಹಿಡಿತದಲ್ಲಿರುವ ಊರುಗಳಿಂದಲೂ ನಿವೇಶನದ ವ್ಯಾಜ್ಯ, ಸಾಲದ ವ್ಯಾಜ್ಯ ಹೊತ್ತವರು ಊರಾಚೆ ಶಬಾಬ್ ಹಿಡಿತದ ಪ್ರದೇಶಕ್ಕೆ ಹೋಗಿ ಫೈಸಲು ಪಡೆದು ಬರುತ್ತಾರೆ. ಸರ್ಕಾರಿ ನ್ಯಾಯಾಲಯದಲ್ಲಿ ಲಂಚವೂ ಕುಲದ ಬಲವೂ ಬೇಕು. ತೀರ್ಪು ಬಂದರೂ ಅದನ್ನು ಜಾರಿಮಾಡುವವರಿಲ್ಲ. ಅಲ್ಲಿಯಾದರೋ ಸೋತವನು ಜಾಗ ಬಿಡಲೇಬೇಕು. ಬಿಡದಿದ್ದರೆ ಏನಾಗುವುದೆಂದು ಅವನಿಗೆ ಗೊತ್ತು. ಗೆದ್ದವನು ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಸರ್ಕಾರದ ಕಾವಲು ಕಟ್ಟೆಯನ್ನು ದಾಟಿ, ಮನೆಗೆ ಹಿಂದಿರುಗುತ್ತಾನೆ.