ಗಾಜಿನೊಳಗಿನ ಗಿಡ: ಲಂಡನ್ನಿನ ಬಾಟಲಿಯಿಂದ ನಂಜನಗೂಡಿನ ಬಾಳೆ ತೋಟದವರೆಗೆ

ಕಬಿನಿ ಹುಟ್ಟುವುದು ವಯನಾಡಿನಲ್ಲಿ. ಅಲ್ಲಿನ ಕಾಡಿನ ಮರಗಳ ಮೇಲೆ ಆರ್ಕಿಡ್ ಗಿಡಗಳು ಯಾರೂ ನೆಡದೆ ತಾವಾಗಿಯೇ ಬೆಳೆಯುತ್ತವೆ. ಅದೇ ನೀರು ಹರಿದು ನಂಜನಗೂಡಿಗೆ ಬರುತ್ತದೆ, ತಿ.ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಆದರೆ ನೀರು ಬಂದ ಹಾಗೆ ಕಾಡಿನ ತಂಪು ಗಾಳಿ ಬರುವುದಿಲ್ಲವಲ್ಲ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಹೂಕುಂಡದ ಮಣ್ಣು ಸಂಜೆಯೊಳಗೆ ಒಣಗಿ ಬಿರುಕು ಬಿಡುತ್ತದೆ.

ಹಾಗಾಗಿ ಮನೆಯಲ್ಲಿ ಆರ್ಕಿಡ್ ಬೆಳೆಸುವ ಆಸೆ ಇರುವವರು ಫೋನಿನಲ್ಲಿ ವಿಡಿಯೊ ನೋಡಿ, ಹಳೆಯ ಮೀನಿನ ತೊಟ್ಟಿಯನ್ನೋ ಅಗಲ ಬಾಯಿಯ ಗಾಜಿನ ಜಾಡಿಯನ್ನೋ ತೊಳೆದು, ಒಳಗೆ ಗಿಡ ಇಟ್ಟು ಮುಚ್ಚಳ ಹಾಕುತ್ತಾರೆ. ಇದಕ್ಕೆ ಟೆರೇರಿಯಂ ಎನ್ನುತ್ತಾರೆ. ತಿಂಗಳೊಳಗೆ ಗಿಡದ ಬುಡ ಕಪ್ಪಾಗಿ ಕೊಳೆಯುವುದೂ ಹೊಸಬರಲ್ಲಿ ಸಾಮಾನ್ಯ. ಗಿಡ ಯಾಕೆ ಕೊಳೆಯಿತು, ಅದು ಎಲ್ಲಿಂದ ಬಂದ ಗಿಡ ಎಂದು ಕೇಳುತ್ತಾ ಹೋದರೆ ಸುಮಾರು ಇನ್ನೂರು ವರ್ಷದ ಕಥೆ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ನಮ್ಮ ಊಟಿ ರಸ್ತೆಯೂ ಇದೆ, ನಮ್ಮ ಬಾಳೆಯೂ ಇದೆ.

ಬಾಟಲಿಯಲ್ಲಿ ಹುಟ್ಟಿದ ಜರೀಗಿಡ

1829. ಲಂಡನ್ನಿನಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯರಿದ್ದರು. ಅವರಿಗೆ ಗಿಡ ಬೆಳೆಸುವ ಹುಚ್ಚು. ಆದರೆ ಕಲ್ಲಿದ್ದಲ ಹೊಗೆ ತುಂಬಿದ ಆ ಊರಿನಲ್ಲಿ ಅವರ ಜರೀಗಿಡಗಳು ಉಳಿಯುತ್ತಿರಲಿಲ್ಲ. ಒಮ್ಮೆ ಅವರು ಪತಂಗದ ಕೋಶವೊಂದನ್ನು ಹಸಿ ಮಣ್ಣಿನೊಂದಿಗೆ ಬಾಟಲಿಗೆ ಹಾಕಿ ಮುಚ್ಚಿಟ್ಟರು. ಪತಂಗ ಹೊರಬರುವುದನ್ನು ನೋಡುವುದು ಅವರ ಉದ್ದೇಶ. ಆದರೆ ಆ ಮಣ್ಣಿನಲ್ಲಿ ಒಂದು ಜರೀಗಿಡ, ಒಂದು ಹುಲ್ಲು ಮೊಳೆತವು!

ಹಗಲು ಮಣ್ಣಿನ ತೇವ ಆವಿಯಾಗಿ ಮೇಲೇರುತ್ತಿತ್ತು, ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಯಾರೂ ನೀರು ಹಾಕದೆ ಆ ಗಿಡಗಳು ಸುಮಾರು ನಾಲ್ಕು ವರ್ಷ ಬದುಕಿದವು. ಕೊನೆಗೆ ಮುಚ್ಚಳಕ್ಕೆ ತುಕ್ಕು ಹಿಡಿದು ಮಳೆ ನೀರು ಒಳಗೆ ಇಳಿದ ಮೇಲೆ ಸತ್ತವು.

ವಾರ್ಡ್ ಇದೇ ಲೆಕ್ಕದಲ್ಲಿ ಮರದ ಚೌಕಟ್ಟಿನ ಗಾಜಿನ ಪೆಟ್ಟಿಗೆ ಮಾಡಿಸಿದರು. ಇಂದಿನ ಟೆರೇರಿಯಂನ ಮುತ್ತಜ್ಜ ಅದೇ.

ಪೆಟ್ಟಿಗೆ ಹಡಗು ಹತ್ತಿತು

1833ರಲ್ಲಿ ವಾರ್ಡ್ ಎರಡು ಪೆಟ್ಟಿಗೆ ಗಿಡಗಳನ್ನು ಹಡಗಿನಲ್ಲಿ ಆಸ್ಟ್ರೇಲಿಯಾದ ಸಿಡ್ನಿಗೆ ಕಳಿಸಿದರು. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದರೂ ಗಿಡಗಳು ಜೀವಂತ ತಲುಪಿದವು. ಅಲ್ಲಿಯವರೆಗೆ ಹಡಗಿನಲ್ಲಿ ಗಿಡ ಸಾಗಿಸುವುದೆಂದರೆ ಉಪ್ಪುಗಾಳಿಗೆ ಬಲಿ ಕೊಟ್ಟ ಹಾಗೆ ಆಗುತ್ತಿತ್ತು.

ಬ್ರಿಟಿಷರು ಇದರ ಬೆಲೆಯನ್ನು ಬೇಗ ಅರಿತರು. 1848ರ ನಂತರ ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಗಿಡಗಳನ್ನು ಇಂಥ ಪೆಟ್ಟಿಗೆಗಳಲ್ಲಿ ಭಾರತಕ್ಕೆ ಸಾಗಿಸಿದ. 1860ರ ಹೊತ್ತಿಗೆ ದಕ್ಷಿಣ ಅಮೆರಿಕದ ಸಿಂಕೋನ ಗಿಡ ನೀಲಗಿರಿಗೆ ಬಂದದ್ದರಲ್ಲೂ ಗಾಜಿನ ಪೆಟ್ಟಿಗೆಯ ಕೈವಾಡವಿತ್ತು. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ಮಾತ್ರೆ ಬರುತ್ತಿದ್ದುದು ಆ ಮರದ ತೊಗಟೆಯಿಂದಲೇ. ನಂಜನಗೂಡು, ಗುಂಡ್ಲುಪೇಟೆ ದಾಟಿ ಊಟಿಗೆ ಹೋದರೆ ಸಿಗುವ ದೊಡ್ಡಬೆಟ್ಟದಲ್ಲೇ ಸಿಂಕೋನ ತೋಟ ಎದ್ದಿತು.

ಹೊರೆಗಟ್ಟಲೆ ಹೋದ ಹೂವು

ಇಲ್ಲಿಯವರೆಗೆ ಇದು ಜಾಣತನದ ಕಥೆ. ಆದರೆ ಅದೇ ಪೆಟ್ಟಿಗೆ ಕಾಡಿನ ಲೂಟಿಗೂ ದಾರಿ ಮಾಡಿಕೊಟ್ಟಿತು.

ಆ ಕಾಲದಲ್ಲಿ ಇಂಗ್ಲೆಂಡಿನ ಶ್ರೀಮಂತರಿಗೆ ಆರ್ಕಿಡ್ ಹುಚ್ಚು ಹಿಡಿದಿತ್ತು. 1835ರಲ್ಲಿ ಜಾನ್ ಗಿಬ್ಸನ್ ಎಂಬ ತೋಟಗಾರನನ್ನು ಅವನ ಧಣಿ ಭಾರತಕ್ಕೇ ಕಳಿಸಿದ. ಅವನು ಈಗಿನ ಮೇಘಾಲಯದ ಖಾಸಿ ಬೆಟ್ಟಗಳಿಂದ ಆರ್ಕಿಡ್‌ಗಳನ್ನು ಕಿತ್ತು 1837ರಲ್ಲಿ ಊರಿಗೆ ಒಯ್ದ. 1850ರಲ್ಲಿ ಸಸ್ಯ ವಿಜ್ಞಾನಿ ಜೋಸೆಫ್ ಹೂಕರ್ ಅದೇ ಬೆಟ್ಟಗಳಲ್ಲಿ ನೀಲಿ ವಾಂಡಾ ಎಂಬ ಆರ್ಕಿಡ್ ಅನ್ನು ಏಳು ಆಳು ಹೊರುವಷ್ಟು ಕೀಳಿಸಿದರು. ಅದರಲ್ಲಿ ಇಂಗ್ಲೆಂಡಿಗೆ ಜೀವಂತ ತಲುಪಿದ್ದು ಕೆಲವೇ ಗಿಡ. ಇನ್ನೊಬ್ಬರು ಕಳಿಸಿದ ಒಂದೇ ಆಳಿನ ಹೊರೆ 300 ಪೌಂಡಿಗೆ ಮಾರಾಟವಾಯಿತು ಎಂದು ಹೂಕರ್ ಅವರೇ ಬರೆದಿಟ್ಟಿದ್ದಾರೆ. ಬೆಲೆ ಇಷ್ಟಿದ್ದಾಗ ಕಾಡು ಉಳಿದೀತೇ? ಮೇಲಿನ ಹೂವಿಗಾಗಿ ಇಡೀ ಮರವನ್ನೇ ಕಡಿದ ಉದಾಹರಣೆಗಳು ದೇಶದೇಶಗಳಲ್ಲಿವೆ.

ಇಷ್ಟೆಲ್ಲ ಕಷ್ಟಪಟ್ಟು ಒಯ್ದ ಗಿಡಗಳು ಅಲ್ಲಿ ಬದುಕಿದವಾ ಎಂದರೆ, ಹೆಚ್ಚಿನವು ಬದುಕಲಿಲ್ಲ. ಬಿಸಿ ದೇಶದ ಗಿಡ ಎಂದುಕೊಂಡು ಕಿಟಕಿ ಮುಚ್ಚಿದ ಗಾಜಿನ ಮನೆಯಲ್ಲಿ ಹಬೆಯ ನಡುವೆ ಇಟ್ಟರು. ಇಂಗ್ಲೆಂಡ್ ಎಂದರೆ ಆರ್ಕಿಡ್‌ಗಳ ಸ್ಮಶಾನ ಎಂಬ ಮಾತೇ ಹುಟ್ಟಿತು. ಗಿಬ್ಸನ್‌ನ ಮೇಲಧಿಕಾರಿಯಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಬಿಸಿ ಕಡಿಮೆ ಮಾಡಿ, ಗಾಳಿ ಆಡಲು ಬಿಟ್ಟ. ಗಿಡಗಳು ಚೇತರಿಸಿಕೊಂಡವು. ಲಾಲ್‌ಬಾಗ್‌ನ ಗಾಜಿನ ಮನೆಗೆ ಮಾದರಿ ಎನ್ನುವ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅನ್ನು 1851ರಲ್ಲಿ ಕಟ್ಟಿಸಿದವನೂ ಇದೇ ಪ್ಯಾಕ್ಸ್‌ಟನ್.

ಮನೆಯ ಟೆರೇರಿಯಂನಲ್ಲಿ ಗಿಡ ಕೊಳೆಯುವುದಕ್ಕೆ ಕಾರಣವೂ ಅದೇ. ಮರದ ಮೇಲೆ ಬೆಳೆಯುವ ಆರ್ಕಿಡ್‌ನ ಬೇರು ಮಣ್ಣಿನಲ್ಲಿರುವುದಿಲ್ಲ, ಗಾಳಿಯಲ್ಲಿರುತ್ತದೆ. ಮಳೆ ಬಂದಾಗ ಸ್ಪಂಜಿನಂತೆ ನೀರು ಹೀರಿ, ಆಮೇಲೆ ಒಣಗುತ್ತದೆ. ಸದಾ ಒದ್ದೆಯಾಗಿ ಮುಚ್ಚಿಟ್ಟರೆ ಅದಕ್ಕೆ ಉಸಿರು ಕಟ್ಟುತ್ತದೆ.

ಧೂಳಿನಂಥ ಬೀಜ

ಕಾಡಿನಿಂದಲೇ ಯಾಕೆ ತರಬೇಕಿತ್ತು, ಬೀಜ ಹಾಕಬಾರದಿತ್ತೇ? ಅಲ್ಲೇ ಇತ್ತು ತೊಡಕು. ಆರ್ಕಿಡ್‌ನ ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜಗಳಿರಬಹುದು, ಆದರೆ ಅವು ಧೂಳಿನಷ್ಟು ಸಣ್ಣವು. ರಾಗಿ ಕಾಳಿನಲ್ಲಿ ಮೊಳಕೆಗೆ ಬೇಕಾದ ಹಿಟ್ಟು ಇರುತ್ತದಲ್ಲ, ಇವುಗಳಲ್ಲಿ ಅಂಥ ಬುತ್ತಿಯೇ ಇಲ್ಲ. 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ ಇದರ ಗುಟ್ಟು ಕಂಡುಹಿಡಿದರು. ಒಂದು ಬಗೆಯ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ, ಬೀಜದೊಳಗೆ ಸೇರಿ ಅದಕ್ಕೆ ಆಹಾರ ಒದಗಿಸುತ್ತದೆ. ಆಗ ಮಾತ್ರ ಮೊಳಕೆ.

1922ರಲ್ಲಿ ಅಮೆರಿಕದ ಲೂಯಿಸ್ ನುಡ್ಸನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಶಿಲೀಂಧ್ರ ಕೊಡುವ ಆಹಾರವನ್ನು ನಾವೇ ಕೊಟ್ಟರೆ? ಸಕ್ಕರೆ, ಲವಣ ಸೇರಿಸಿದ ಅಗರ್ ಅನ್ನು ಗಾಜಿನ ಬಾಟಲಿಯಲ್ಲಿ ಶುದ್ಧವಾಗಿ ಇಟ್ಟು ಅದರ ಮೇಲೆ ಬೀಜ ಹಾಕಿದರು. ಶಿಲೀಂಧ್ರದ ಹಂಗಿಲ್ಲದೆ ಬೀಜ ಮೊಳೆಯಿತು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಆರ್ಕಿಡ್‌ನ ಎಳೆ ಕುಡಿಯ ಸಣ್ಣ ಚೂರಿನಿಂದಲೇ ಬಾಟಲಿಯಲ್ಲಿ ಗಿಡಗಳನ್ನು ಪಡೆಯುವ ದಾರಿ ತೋರಿದರು.

ಒಂದು ಗಾಜು ಕಾಡನ್ನು ಬರಿದು ಮಾಡಿತ್ತು. ಇನ್ನೊಂದು ಗಾಜು, ಕಾಡಿಗೆ ಕೈ ಹಾಕುವ ಅಗತ್ಯವನ್ನೇ ತೆಗೆದುಹಾಕಿತು.

ಬಾಟಲಿ ನಮ್ಮ ಹೊಲಕ್ಕೆ ಬಂತು

ಈ ವಿದ್ಯೆಗೆ ನಾವು ಟಿಶ್ಯೂ ಕಲ್ಚರ್ ಎನ್ನುತ್ತೇವೆ. ನಂಜನಗೂಡು, ತಿ.ನರಸೀಪುರದ ರೈತರಿಗೆ ಇದು ಹೊಸ ಮಾತಲ್ಲ. ಜಿ-9 ಬಾಳೆ ಸಸಿಗಳು ಬರುವುದು ಹೀಗೆಯೇ, ಲ್ಯಾಬಿನ ಬಾಟಲಿಯಿಂದ ಹಸಿರುಮನೆಗೆ, ಅಲ್ಲಿಂದ ಹೊಲಕ್ಕೆ.

ನಮ್ಮ ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೆ ಪನಾಮ ಸೊರಗು ರೋಗ ಅದನ್ನು ತೋಟತೋಟಗಳಿಂದ ಓಡಿಸಿಬಿಟ್ಟಿತು. ಈ ರೋಗ ತರುವುದು ಮಣ್ಣಿನಲ್ಲಿರುವ ಒಂದು ಶಿಲೀಂಧ್ರ. ರೋಗ ತಗುಲಿದ ಬಾಳೆಯ ಕಂದು ತಂದು ನೆಟ್ಟರೆ ಹೊಸ ತೋಟಕ್ಕೂ ಅದು ಬರುತ್ತದೆ. ಆದ್ದರಿಂದಲೇ ಟಿಶ್ಯೂ ಕಲ್ಚರ್ ಮೂಲಕ ರಸಬಾಳೆಯ ಶುದ್ಧ ಸಸಿ ಮಾಡುವ ಪ್ರಯತ್ನಗಳು ನಡೆದವು. ಸಸಿ ಶುದ್ಧವಾಗಿದ್ದರೆ ಅರ್ಧ ಗೆದ್ದಂತೆ. ಆದರೆ ನೆಡುವ ಮಣ್ಣಿನಲ್ಲೇ ರೋಗ ಕೂತಿದ್ದರೆ ಬಾಟಲಿಯೂ ಏನೂ ಮಾಡಲಾರದು.

ಆರ್ಕಿಡ್‌ಗೆ ಜೀವ ಕೊಡುವುದೂ ಶಿಲೀಂಧ್ರ, ಬಾಳೆಯ ಜೀವ ತೆಗೆಯುವುದೂ ಶಿಲೀಂಧ್ರ. ಜಾತಿ ಬೇರೆ, ಅಷ್ಟೆ. ಇನ್ನೊಂದು ಸಂಗತಿ ಕೇಳಿ: ಆರ್ಕಿಡ್ ಸಸಿ ಬೆಳೆಸುವ ಬಾಟಲಿಯ ಆಹಾರಕ್ಕೆ ಎಷ್ಟೋ ಲ್ಯಾಬುಗಳಲ್ಲಿ ಎಳನೀರು ಮತ್ತು ಬಾಳೆಹಣ್ಣಿನ ತಿರುಳು ಬೆರೆಸುತ್ತಾರೆ!

ಹೊಸದಾಗಿ ಶುರು ಮಾಡುವವರಿಗೆ

ಈ ಇತಿಹಾಸದಿಂದ ಮನೆಗೆ ಬೇಕಾದ ಪಾಠಗಳು ಇಷ್ಟು.

ಮುಚ್ಚಿದ ಗಾಜಿಗೆ ಎಲ್ಲ ಆರ್ಕಿಡ್ ಒಗ್ಗುವುದಿಲ್ಲ. ನೆಲದಲ್ಲಿ, ನೆರಳಿನಲ್ಲಿ, ತೇವದಲ್ಲಿ ಬೆಳೆಯುವ ಜ್ಯುವೆಲ್ ಆರ್ಕಿಡ್ ಹೊಸಬರಿಗೆ ಒಳ್ಳೆಯದು. ಮಖಮಲ್ಲಿನಂಥ ಕಡು ಬಣ್ಣದ ಎಲೆ, ಅದರ ಮೇಲೆ ಕೆಂಪು ಗೆರೆ. ಎಲೆಯೇ ಅದರ ಅಂದ. ನರ್ಸರಿಯಲ್ಲಿ ಸಿಗುವ ಡೆಂಡ್ರೋಬಿಯಂ ಆದರೆ ಗಾಜಿನ ಹೊರಗೆ, ಇದ್ದಿಲು ಚೂರು ತುಂಬಿದ ಕುಂಡದಲ್ಲಿ ಇಡಿ.

ತೊಟ್ಟಿಯ ತಳಕ್ಕೆ ಜಲ್ಲಿ, ಇದ್ದಿಲು ಹಾಕಿ. ಗಾಜಿನ ಮೇಲೆ ದಿನವಿಡೀ ಹನಿ ನಿಂತಿದ್ದರೆ ನೀರು ಜಾಸ್ತಿ ಎಂದರ್ಥ, ಮುಚ್ಚಳ ಸ್ವಲ್ಪ ಸರಿಸಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಮಳೆ ನೀರು ಹಿಡಿದಿಟ್ಟು ಬಳಸಿ. ನೇರ ಬಿಸಿಲಿಗಂತೂ ಇಡಲೇಬೇಡಿ, ಗಾಜಿನೊಳಗೆ ಗಿಡ ಬೆಂದೇ ಹೋಗುತ್ತದೆ.

ಕೊಳ್ಳುವಾಗ ಒಂದು ಪ್ರಶ್ನೆ ಕೇಳಿ: ಇದು ಲ್ಯಾಬಿನ ಸಸಿಯೋ, ಕಾಡಿನಿಂದ ಕಿತ್ತದ್ದೋ? ಮಲೆನಾಡಿನಲ್ಲಿ ಹೆಂಗಸರು ಮುಡಿಯುವ ಸೀತಾಳೆ ದಂಡೆ ಕೂಡ ಆರ್ಕಿಡ್ಡೇ. ಮರದ ತೊಗಟೆ ಸಮೇತ ಕಿತ್ತು ತಂದು ಮಾರುವ ಗಿಡ ಕಂಡರೆ ಕೊಳ್ಳಬೇಡಿ. ಹೂಕರ್ ಕಾಲದ ನೀಲಿ ವಾಂಡಾ ಇಂದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ. ಏಳು ಆಳು ಹೊತ್ತ ಹೂವನ್ನು ಕಾಯಲು ಕಾನೂನೇ ಬರಬೇಕಾಯಿತು.

ಕಾಡಿನ ಗಿಡ ಕಾಡಲ್ಲೇ ಇರಲಿ. ಬಾಟಲಿಯಲ್ಲಿ ಹುಟ್ಟಿದ ಗಿಡ ನಮ್ಮ ಮನೆಯ ಗಾಜಿಗೆ ಬರಲಿ.